ಮಾಡಿದವರೊಬ್ಬರು, ಉಂಡವರು ಮತ್ತೊಬ್ಬರು

ಮಳೆಯನ್ನು ಕುರಿತು ನಮ್ಮ ಜನರಿಗಿರುವ ಭಾವನೆ ಬಹು ಪವಿತ್ರವಾದುದು. ಬಾವಿಯ ನೀರಿಗೆ ಒಡೆಯನುಂಟು, ಕೆರೆಯ ನೀರಿಗೆ ಊರುಂಟು, ನದಿಯ ನೀರಿಗೆ ನಾಡುಂಟು. ಮುಗಿಲಿನಿಂದ ಇಳಿಯುವ ನೀರಿಗೆ ಮಾತ್ರ ಒಡೆಯರಿಲ್ಲ. ಅದು ಬಡವನ ಗುಡಿಸಲು, ಸಿರಿವಂತನ ಮಹಡಿ ಎಂಬ ಭೇದವನ್ನೆಣಿಸದೆ ಸುರಿಯುತ್ತದೆ. ಯಾರ ಕೈಯೂ ಸೋಂಕದ ನೀರೆಂಬ ಕಾರಣದಿಂದಲೇ ನಮ್ಮ ಹಿರಿಯರು ಅದನ್ನು ಶುದ್ಧೋದಕವೆಂದು ಬಗೆದರು. ಆದರೆ ಈ ಕೈ ಸೋಂಕದ ನೀರಿಗೂ ಮನುಷ್ಯನ ಕೈ ಸೋಂಕಿ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲವಾಗಿದೆ. ನೆಲದ ಮೇಲೆ ನಾವು ಉರಿಸಿದ ಬೆಂಕಿಯ ಹೊಗೆ ಮೋಡವನ್ನು ಸೇರಿ, ಮೋಡವು ಹುಳಿಯಾಗಿ, ಆ ಹುಳಿಯು ಮಳೆಯಾಗಿ ಮತ್ತೆ ನೆಲಕ್ಕಿಳಿಯುತ್ತದೆ. ಇದನ್ನೇ ಆಮ್ಲವೃಷ್ಟಿಯೆಂದು ಕರೆಯುತ್ತಾರೆ.

ಇದು ವಿಜ್ಞಾನಿಗಳ ವಿಷಯ, ಧರ್ಮವಿಚಾರಕ್ಕೂ ಇದಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಕಾರಣವಾವುದು, ಕಾರ್ಯವಾವುದು ಎಂದು ತೋರಿಸಿಕೊಡುವುದು ವಿಜ್ಞಾನದ ಕೆಲಸವೇ ಸರಿ. ಆದರೆ ಒಬ್ಬನು ಮಾಡಿದ ಕಾರ್ಯದ ಫಲವನ್ನು ಅದರ ಸುದ್ದಿಯನ್ನೇ ಅರಿಯದ ಮತ್ತೊಬ್ಬನು ಅನುಭವಿಸಬೇಕಾಗಿ ಬಂದರೆ ಅಲ್ಲಿ ಧರ್ಮದ ಪ್ರಶ್ನೆ ತಾನಾಗಿಯೇ ಏಳುತ್ತದೆ. "ಮಾಡಿದ್ದುಣ್ಣೋ ಮಹಾರಾಯ" ಎಂಬುದು ನಮ್ಮ ಹಳ್ಳಿಗರ ನಾಲಗೆಯ ಮೇಲಿರುವ ಮಾತು. ಇದೇ ತತ್ತ್ವವನ್ನು ನಮ್ಮ ದಾರ್ಶನಿಕರು ಶಾಸ್ತ್ರೀಯವಾಗಿ ವಿವೇಚಿಸಿ ಎರಡು ದೋಷಗಳನ್ನು ಹೆಸರಿಸಿದ್ದಾರೆ. ಮಾಡಿದ ಕರ್ಮವು ಫಲ ಕೊಡದೆ ಅಳಿದುಹೋಗುವುದು 'ಕೃತನಾಶ'. ಮಾಡದ ಕರ್ಮದ ಫಲವು ಬಂದು ಮೇಲೆರಗುವುದು 'ಅಕೃತಾಭ್ಯಾಗಮ'. ಈ ಎರಡು ದೋಷಗಳಿಗೆ ಎಡೆಗೊಡುವ ಯಾವ ವಿಶ್ವವ್ಯವಸ್ಥೆಯೂ ನ್ಯಾಯವಾದುದಲ್ಲವೆಂದು ಅವರು ವಾದಿಸಿದರು. ಆದರೆ ಮನುಷ್ಯನು ತನ್ನ ಜಾಣ್ಮೆಯಿಂದ ಕಟ್ಟಿಕೊಂಡ ವ್ಯವಸ್ಥೆಯಲ್ಲಿ ಈ ಎರಡೂ ದೋಷಗಳು ಒಟ್ಟಿಗೆ ಮನೆಮಾಡಬಲ್ಲವು ಎಂಬುದಕ್ಕೆ ಆಮ್ಲವೃಷ್ಟಿಯ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಕಲ್ಲಿದ್ದಲಿನಲ್ಲಿಯೂ ಕಲ್ಲೆಣ್ಣೆಯಲ್ಲಿಯೂ ಗಂಧಕವು ಸ್ವಾಭಾವಿಕವಾಗಿಯೇ ಬೆರೆತಿರುತ್ತದೆ. ತಾಮ್ರ, ನಿಕಲ್ ಮೊದಲಾದ ಲೋಹಗಳ ಅದಿರಿನಲ್ಲಿ ಅದರ ಅಂಶ ಇನ್ನೂ ಅಧಿಕ. ಇವುಗಳನ್ನು ಉರಿಸಿದಾಗ ಗಂಧಕವು ಗಾಳಿಯ ಆಮ್ಲಜನಕದೊಡನೆ ಕೂಡಿ ಗಂಧಕದ ಡೈಆಕ್ಸೈಡ್ ಆಗುತ್ತದೆ. ಉಗ್ರವಾದ ಶಾಖದಲ್ಲಿ ಗಾಳಿಯಲ್ಲಿರುವ ಸಾರಜನಕವೂ ಉರಿದು ಅದರ ಆಕ್ಸೈಡುಗಳು ಹುಟ್ಟುತ್ತವೆ. ಮೋಟಾರು ವಾಹನಗಳಿಂದ ಹೊರಡುವ ಹೊಗೆಯಲ್ಲಿ ಇವು ವಿಶೇಷವಾಗಿರುತ್ತವೆ. ಈ ಅನಿಲಗಳು ವಾಯುಮಂಡಲದಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಸಂಚರಿಸುತ್ತ, ತೇವದೊಡನೆ ಬೆರೆತು ಗಂಧಕಾಮ್ಲವಾಗಿಯೂ ನೈಟ್ರಿಕ್ ಆಮ್ಲವಾಗಿಯೂ ಮಾರ್ಪಡುತ್ತವೆ. ಆಮ್ಲತೆಯನ್ನು ಅಳೆಯುವ ಪಿ.ಎಚ್. ಎಂಬ ಮಾನದಲ್ಲಿ 7 ಎಂಬುದು ಸಮಸ್ಥಿತಿ. ನಿರ್ಮಲವಾದ ಮಳೆಯ ನೀರು ಸಹ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನಿಂದ ತುಸು ಹುಳಿಯಾಗಿ ಸುಮಾರು 5.6ರಲ್ಲಿ ನಿಲ್ಲುತ್ತದೆ. ಈ ಮಾನದಲ್ಲಿ ಒಂದಂಕ ಇಳಿದರೆ ಆಮ್ಲತೆ ಹತ್ತು ಪಟ್ಟು ಏರಿತೆಂದು ಅರ್ಥ. 1970ರ ದಶಕದಲ್ಲಿ ಸ್ಕ್ಯಾಂಡಿನೇವಿಯದ ದಕ್ಷಿಣ ಭಾಗದ ಮಳೆ 4.5ಕ್ಕಿಂತಲೂ ಕೆಳಗಿಳಿದಿತ್ತೆಂದರೆ ಅದು ಸ್ವಾಭಾವಿಕ ಮಳೆಗಿಂತ ಎಷ್ಟು ಪಟ್ಟು ಹುಳಿಯಾಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಈ ವಿಷಯ ಲೋಕಕ್ಕೆ ಹೊಸದಾಗಿರಲಿಲ್ಲ. ರಾಬರ್ಟ್ ಆಂಗಸ್ ಸ್ಮಿತ್ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞನು ಮ್ಯಾಂಚೆಸ್ಟರ್ ನಗರದ ಸುತ್ತಲಿನ ಮಳೆಯನ್ನು ಪರೀಕ್ಷಿಸಿ, ನಗರವನ್ನು ಸಮೀಪಿಸಿದಂತೆಲ್ಲ ಆಮ್ಲದ ಅಂಶ ಹೆಚ್ಚುವುದೆಂದು 1852ರಲ್ಲಿಯೇ ವರದಿ ಮಾಡಿದ್ದನು. 1872ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ 'ಆಮ್ಲ ಮಳೆ' ಎಂಬ ಹೆಸರನ್ನೂ ಕೊಟ್ಟನು. ಆದರೆ ಅಂದು ಮಾಡಿದವರೂ ಉಂಡವರೂ ಒಂದೇ ಊರಿನವರಾಗಿದ್ದರು. ಗಿರಣಿಯ ಹೊಗೆ ಗಿರಣಿಯ ನಗರದ ಮೇಲೆಯೇ ಬೀಳುತ್ತಿತ್ತು. ಒಡೆಯನು ದೂರದ ಬಂಗಲೆಯಲ್ಲಿ ವಾಸಿಸಿದರೂ ಅವನ ಊರಿನ ಜನ ಕೆಮ್ಮುವುದು ಅವನ ಕಿವಿಗೆ ಕೇಳುತ್ತಿತ್ತು.

ಕೇಳಲೇಬೇಕಾದ ದಿನವೂ ಒಂದು ಬಂದಿತು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರವನ್ನು ಕವಿದ ಹೊಗೆಮಂಜಿನಲ್ಲಿ ಸುಮಾರು 4,000 ಜನ ಮಡಿದರೆಂದು ಅಂದಿನ ಲೆಕ್ಕ. ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚೆಂಬುದು ಆಮೇಲಿನ ಅಧ್ಯಯನಗಳ ಅಭಿಪ್ರಾಯ. ಬ್ರಿಟಿಷ್ ಸಂಸತ್ತು 1956ರಲ್ಲಿ ಶುದ್ಧವಾಯು ಶಾಸನವನ್ನು ಅಂಗೀಕರಿಸಿತು. ಮನೆಮನೆಯ ಒಲೆಗಳ ಹೊಗೆ ಕಡಿಮೆಯಾಯಿತು. ವಿದ್ಯುತ್ ಸ್ಥಾವರಗಳು ನಗರಗಳನ್ನು ಬಿಟ್ಟು ಹೊರಗೆ ಹೋದವು. ಅವುಗಳ ಚಿಮಣಿಗಳು ಮುಗಿಲೆತ್ತರಕ್ಕೆ ಬೆಳೆದವು. ಯಾರ್ಕ್‌ಷೈರ್ ಪ್ರಾಂತದ ಡ್ರ್ಯಾಕ್ಸ್ ಸ್ಥಾವರದ ಚಿಮಣಿಯ ಎತ್ತರ 259 ಮೀಟರು. ಅಟ್ಲಾಂಟಿಕ್ ಸಾಗರದ ಆಚೆಗೆ, ಕೆನಡಾದ ಸಡ್ಬರಿಯಲ್ಲಿ ನಿಕಲ್ ಕರಗಿಸುವ ಕಾರ್ಖಾನೆಗೆ 1972ರಲ್ಲಿ 381 ಮೀಟರಿನ ಚಿಮಣಿಯೊಂದು ಸಿದ್ಧವಾಯಿತು. ನಗರವಾಸಿಗಳು ನೆಮ್ಮದಿಯಾಗಿ ಉಸಿರಾಡಿದರು. ನೆಲದ ಮಟ್ಟದಲ್ಲಿ ಅಳೆದರೆ ಗಾಳಿ ನಿಜವಾಗಿಯೂ ತಿಳಿಯಾಗಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ.

ಆದರೆ ಚಿಮಣಿ ಎತ್ತರವಾದ ಮಾತ್ರಕ್ಕೆ ಗಂಧಕ ಕಡಿಮೆಯಾಗುವುದಿಲ್ಲ. ಅದು ಹೋಗಿ ಬೀಳುವ ಸ್ಥಳ ಮಾತ್ರ ಬದಲಾಗುತ್ತದೆ. ಎತ್ತರದ ಗಾಳಿಗೆ ಸಿಕ್ಕಿದ ಹೊಗೆ ನೂರಾರು ಮೈಲಿ ಸಾಗಿತು. ಬ್ರಿಟನ್, ಜರ್ಮನಿ, ಪೋಲೆಂಡ್ ಮುಂತಾದ ದೇಶಗಳ ಗಂಧಕವು ಸಮುದ್ರವನ್ನು ದಾಟಿ ನಾರ್ವೆ ಮತ್ತು ಸ್ವೀಡನ್‌ಗಳ ಕಾಡು, ಸರೋವರಗಳ ಮೇಲೆ ಮಳೆಯಾಗಿ, ಹಿಮವಾಗಿ ಇಳಿಯಿತು. ಅಲ್ಲಿನ ನೆಲವೋ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಮೇಲೆ ಹರಡಿದ ತೆಳುವಾದ ಮಣ್ಣು. ಸುಣ್ಣಕಲ್ಲಿನ ನಾಡಿನಲ್ಲಾದರೆ ಆಮ್ಲವು ನೆಲದಲ್ಲಿಯೇ ಶಮನವಾಗುತ್ತಿತ್ತು. ಇಲ್ಲಿ ಆ ಶಕ್ತಿ ನೆಲಕ್ಕಿರಲಿಲ್ಲ. ಆಮ್ಲವು ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾರವನ್ನು ತೊಳೆದುಕೊಂಡು ಹೋಯಿತು; ಮಣ್ಣಿನಲ್ಲಿ ನಿರಪಾಯವಾಗಿ ಬಂಧಿತವಾಗಿದ್ದ ಅಲ್ಯೂಮಿನಿಯಂ ಅನ್ನು ಬಿಡಿಸಿ ಹಳ್ಳಕೊಳ್ಳಗಳಿಗೆ ಹರಿಸಿತು. ಆ ಅಲ್ಯೂಮಿನಿಯಂ ಮೀನಿನ ಕಿವಿರುಗಳಿಗೆ ಅಂಟಿ ಉಸಿರು ಕಟ್ಟಿಸಿತು. 1975ರ ವಸಂತದಲ್ಲಿ ಹಿಮ ಕರಗಿ ಹರಿಯುವಾಗ ದಕ್ಷಿಣ ನಾರ್ವೆಯ ಟೊವ್ಡಾಲ್ ನದಿಯಲ್ಲಿ ಟ್ರೌಟ್ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಇಂತಹ ಸಾವು ಕಣ್ಣಿಗೆ ಬೀಳುತ್ತದೆ. ಆದರೆ ಬಹುಪಾಲು ಸರೋವರಗಳು ಸದ್ದಿಲ್ಲದೆ ಬರಿದಾದವು. ಮೊಟ್ಟೆಗಳೂ ಮರಿಗಳೂ ಮೊದಲು ಅಳಿದುವು. ಬಲೆಗೆ ಬರಬರುತ್ತ ದೊಡ್ಡ ಮೀನುಗಳೇ ಬೀಳತೊಡಗಿದವು. ಏಕೆಂದರೆ ಮುದಿಮೀನುಗಳ ಹೊರತು ಬೇರೆ ಮೀನುಗಳೇ ಅಲ್ಲಿರಲಿಲ್ಲ. ಕೊನೆಗೆ ಅವೂ ಇಲ್ಲವಾದವು. ಜೀವವಿಲ್ಲದ ಆ ಸರೋವರಗಳ ನೀರು ಮೊದಲಿಗಿಂತಲೂ ತಿಳಿಯಾಗಿ, ತಳ ಕಾಣುವಂತೆ ನೀಲಿಯಾಗಿ ಹೊಳೆಯುತ್ತಿತ್ತು. ತಿಳಿಯಾದುದೆಲ್ಲ ಶುದ್ಧವಲ್ಲವೆಂಬ ಪಾಠ ಇದರಲ್ಲಿದೆ.

ಮಧ್ಯ ಯುರೋಪಿನ ಪರ್ವತಗಳಲ್ಲಿ, ಅಂದಿನ ಚೆಕೊಸ್ಲೊವಾಕಿಯ, ಪೋಲೆಂಡ್ ಮತ್ತು ಪೂರ್ವ ಜರ್ಮನಿಗಳ ಗಡಿಗಳು ಕೂಡುವೆಡೆಯಲ್ಲಿ, ಕೀಳುದರ್ಜೆಯ ಕಲ್ಲಿದ್ದಲಿನ ಹೊಗೆಗೆ ಸ್ಪ್ರೂಸ್ ಮರಗಳ ಕಾಡುಗಳು ಗುಡ್ಡಗುಡ್ಡವೇ ಒಣಗಿದವು. ಯುರೋಪಿನ ಕಾಡೆಲ್ಲ ಅಳಿಯುವುದೆಂದು 1980ರ ದಶಕದ ಮೊದಲಲ್ಲಿ ಹುಟ್ಟಿದ ಭಯ ಪೂರ್ತಿ ನಿಜವಾಗಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಸತ್ಯವನ್ನು ಹಿಗ್ಗಿಸಿ ಹೇಳುವುದರಿಂದ ಸತ್ಯಕ್ಕೆ ಬಲ ಬರುವುದಿಲ್ಲ. ಆದರೆ ಮೀನುಗಳ ಮರಣ ಮಾತ್ರ ನಿರ್ವಿವಾದ.

ಸ್ವೀಡನ್ನಿನ ಮಣ್ಣುವಿಜ್ಞಾನಿ ಸ್ವಾಂಟೆ ಓಡೆನ್ 1967ರಲ್ಲಿ ಒಂದು ದಿನಪತ್ರಿಕೆಯಲ್ಲಿ ಲೇಖನ ಬರೆದು, ಯುರೋಪಿನ ರಾಷ್ಟ್ರಗಳು ತಮಗರಿವಿಲ್ಲದೆಯೇ ಒಂದರ ಮೇಲೊಂದು ರಾಸಾಯನಿಕ ಯುದ್ಧ ನಡೆಸುತ್ತಿವೆಯೆಂಬ ಭಾವದ ಎಚ್ಚರಿಕೆಯನ್ನು ಕೊಟ್ಟರು. ಯುದ್ಧವೆಂಬ ಮಾತು ಕಠೋರವೆನಿಸಬಹುದು. ಆದರೂ ಇಲ್ಲಿ ವಿಚಾರ ಮಾಡತಕ್ಕ ಅಂಶವೊಂದಿದೆ. ಯುದ್ಧದಲ್ಲಿ ವೈರಿಯುಂಟು, ದ್ವೇಷವುಂಟು. ಇಲ್ಲಿ ಅದಾವುದೂ ಇರಲಿಲ್ಲ. ಗಣಿಯಲ್ಲಿ ಕಲ್ಲಿದ್ದಲು ಅಗೆದವನು ತನ್ನ ಕಾಯಕವನ್ನು ನಿಷ್ಠೆಯಿಂದ ಮಾಡಿದ್ದನು. ಚಿಮಣಿಯನ್ನು ಎತ್ತರಿಸಿದ ಎಂಜಿನಿಯರು ತನ್ನ ಊರಿನವರ ಹಿತವನ್ನು ಬಯಸಿದ್ದನು. ದೀಪ ಹಚ್ಚಿ ಓದುತ್ತಿದ್ದ ಬಾಲಕನಂತೂ ನಿರಪರಾಧಿ. ದುಷ್ಟನೊಬ್ಬನೂ ಇಲ್ಲದ ಕಡೆಯಲ್ಲಿಯೂ ದುಷ್ಫಲವೊಂದು ಹುಟ್ಟಿ ಬೆಳೆಯಿತು. ಕಾಯಕವು ಪ್ರಾಮಾಣಿಕವಾಗಿರಬೇಕೆಂದು ನಾವು ನಿತ್ಯವೂ ಹೇಳುತ್ತೇವೆ. ಅಷ್ಟಕ್ಕೇ ನಿಲ್ಲದೆ, ಆ ಕಾಯಕದ ಹೊಗೆ ಎಲ್ಲಿಗೆ ಹೋಗಿ ಬೀಳುತ್ತದೆಂಬುದನ್ನೂ ಕೇಳಬೇಕಾದ ಯುಗ ಇದು.

ತಪ್ಪು ತಿಳಿದ ಮೇಲೆ ಮನುಷ್ಯನು ಹೇಗೆ ವರ್ತಿಸುತ್ತಾನೆ ಎಂಬುದರಲ್ಲಿ ಅವನ ಧರ್ಮದ ಪರೀಕ್ಷೆ ನಡೆಯುತ್ತದೆ. ಈ ಪ್ರಸಂಗದಲ್ಲಿ ಕೇಳಿಬಂದ ಸಮಜಾಯಿಷಿಗಳು ಮುಖ್ಯವಾಗಿ ಮೂರು. ಮೊದಲನೆಯದು, ವಾಯುಮಂಡಲವು ಅಪಾರವಾದುದು, ಅದರಲ್ಲಿ ನಮ್ಮ ಹೊಗೆ ಕರಗಿಹೋಗುತ್ತದೆ ಎಂಬುದು. ಕರಗುವುದು ಬೇರೆ, ಇಲ್ಲವಾಗುವುದು ಬೇರೆ. ಸಕ್ಕರೆ ಹಾಲಿನಲ್ಲಿ ಕರಗಿದರೂ ನಾಲಗೆಗೆ ತಿಳಿಯುತ್ತದೆ. ಆಮ್ಲವು ಮೋಡದಲ್ಲಿ ಕರಗಿದರೂ ಮೀನಿನ ಕಿವಿರಿಗೆ ತಿಳಿಯಿತು. ಎರಡನೆಯದು, ಅನೇಕರ ಹೊಗೆಯಲ್ಲಿ ನಮ್ಮದು ಅಲ್ಪಭಾಗ, ನಾವೊಬ್ಬರು ನಿಲ್ಲಿಸಿದರೆ ಏನಾದೀತು ಎಂಬುದು. ಪ್ರತಿಯೊಬ್ಬರೂ ಅಲ್ಪಭಾಗಿಗಳೇ ಆದ ಅಪರಾಧದಲ್ಲಿ ಅಪರಾಧಿಯೇ ಇಲ್ಲವೆಂದಾದರೆ, ಮನುಷ್ಯರು ಗುಂಪಾಗಿ ಯಾವ ಪಾಪವನ್ನಾದರೂ ಮಾಡಿ ಬಿಡುಗಡೆ ಹೊಂದಬಹುದು. ಸಾಲವನ್ನು ನೂರು ಜನ ಕೂಡಿ ಮಾಡಿದರೆ ಸಾಲ ತೀರಿತೇ? ಪ್ರತಿಯೊಬ್ಬನ ತಲೆಯ ಮೇಲೆ ಅವನ ಪಾಲು ಇದ್ದೇ ಇರುತ್ತದೆ.

ಮೂರನೆಯದು ಹೆಚ್ಚು ಸೂಕ್ಷ್ಮವಾದ ವಾದ. ಇನ್ನೂ ಪುರಾವೆ ಸಾಲದು, ನಿಶ್ಚಯವಾದ ಮೇಲೆ ಕ್ರಮ ಕೈಗೊಳ್ಳೋಣ ಎಂಬುದು. ಪ್ರಮಾಣವನ್ನು ಕೇಳುವುದು ತಪ್ಪಲ್ಲ. ನ್ಯಾಯಶಾಸ್ತ್ರವನ್ನು ಓದಿದವರಾರೂ ಅದನ್ನು ತಪ್ಪೆನ್ನಲಾರರು. ಬ್ರಿಟನ್ನಿನ ವಿದ್ಯುತ್ ಮತ್ತು ಕಲ್ಲಿದ್ದಲು ಸಂಸ್ಥೆಗಳೇ ಹಣವೊದಗಿಸಿ, ಆ ದೇಶದ ರಾಯಲ್ ಸೊಸೈಟಿಯೂ ನಾರ್ವೆ, ಸ್ವೀಡನ್‌ಗಳ ವಿಜ್ಞಾನ ಅಕಾಡೆಮಿಗಳೂ ಕೂಡಿ 1983ರಲ್ಲಿ ಒಂದು ದೊಡ್ಡ ಸಂಶೋಧನೆಯನ್ನು ಆರಂಭಿಸಿದವು. ಆ ಕಾಲದ ಸಂಶೋಧನೆಗಳಲ್ಲಿ ದೊರೆತ ಸಾಕ್ಷಿ ವಿಸ್ಮಯಕರವಾದುದು. ಡಯಾಟಮ್ ಎಂಬ ಸೂಕ್ಷ್ಮಜೀವಿಗಳು ಸರೋವರದಲ್ಲಿ ಬಾಳಿ, ಸತ್ತು, ತಳದ ಕೆಸರಿನಲ್ಲಿ ತಮ್ಮ ಗಾಜಿನಂತಹ ಕವಚಗಳನ್ನು ಬಿಟ್ಟುಹೋಗುತ್ತವೆ. ಸಿಹಿನೀರಿನಲ್ಲಿ ಬಾಳುವ ಜಾತಿ ಬೇರೆ, ಹುಳಿನೀರಿನಲ್ಲಿ ಬಾಳುವ ಜಾತಿ ಬೇರೆ. ಕೆಸರನ್ನು ಪದರಪದರವಾಗಿ ತೆಗೆದು ನೋಡಿದಾಗ ಸರೋವರದ ಶತಮಾನಗಳ ಚರಿತ್ರೆಯನ್ನೇ ಓದಬಹುದಾಯಿತು. ಸ್ಕಾಟ್ಲೆಂಡಿನ ಗ್ಯಾಲೊವೇ ಪ್ರಾಂತದ ಸರೋವರವೊಂದು ಹುಳಿಯಾಗತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ, ಎಂದರೆ ಕಲ್ಲಿದ್ದಲಿನ ಯುಗ ವಿಜೃಂಭಿಸಿದ ಕಾಲದಿಂದ, ಎಂದು ಆ ಕೆಸರು ಹೇಳಿತು. ಪರದೇಶದ ಸರೋವರ ಮಾತ್ರವಲ್ಲ, ಬ್ರಿಟನ್ನಿನ ಸ್ವಂತ ಸರೋವರವೂ ಕೆಟ್ಟಿತ್ತು. ಯಾರೂ ನೋಡಲಿಲ್ಲವೆಂದುಕೊಂಡ ಕರ್ಮಕ್ಕೆ ನೀರಿನ ತಳದಲ್ಲಿ ಲೆಕ್ಕ ಬರೆಯಲ್ಪಡುತ್ತಿತ್ತು. ಕೃತನಾಶವೆಂಬುದು ಸೃಷ್ಟಿಯಲ್ಲಿ ಇಲ್ಲ. ಅದು ಇರುವುದು ನಮ್ಮ ಮರೆವಿನಲ್ಲಿ ಮಾತ್ರ.

ಹಾಗಾದರೆ ಪ್ರಮಾಣಕ್ಕಾಗಿ ಕಾಯುವುದು ಎಲ್ಲಿಯವರೆಗೆ ಧರ್ಮ, ಎಲ್ಲಿಂದ ಮುಂದೆ ನೆಪ? ನಮಗೆ ತೋರುವ ಅಳತೆಗೋಲು ಇದು: ಕಾಯುವ ಕಾಲದ ನಷ್ಟವನ್ನು ಕಾಯುವವನೇ ಹೊರುತ್ತಿದ್ದರೆ ಅದು ವಿವೇಕ, ಆ ನಷ್ಟವನ್ನು ಬೇರೆಯವನ ಮೇಲೆ ಹೊರಿಸಿ ತಾನು ಕಾಯುತ್ತಿದ್ದರೆ ಅದು ನೆಪ. ನ್ಯಾಯಾಧೀಶನು ಸಾವಧಾನವಾಗಿ ವಿಚಾರಿಸಬಹುದು. ಆದರೆ ಇಲ್ಲಿ ಪ್ರತಿವಾದಿಯೇ ನ್ಯಾಯಾಧೀಶನ ಪೀಠದಲ್ಲಿ ಕುಳಿತು ವಾಯಿದೆ ಕೊಟ್ಟುಕೊಳ್ಳುತ್ತಿದ್ದನು.

ಸಂತೋಷದ ಸಂಗತಿಯೆಂದರೆ, ಕಥೆ ಅಲ್ಲಿಗೆ ಮುಗಿಯಲಿಲ್ಲ. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನವು, ತನ್ನ ಗಡಿಯೊಳಗಿನ ಕಾರ್ಯಗಳಿಂದ ಬೇರೆ ದೇಶದ ಪರಿಸರಕ್ಕೆ ಹಾನಿಯಾಗದಂತೆ ನೋಡಿಕೊಳ್ಳುವುದು ಪ್ರತಿ ರಾಷ್ಟ್ರದ ಹೊಣೆಯೆಂದು ಘೋಷಿಸಿತು. 1979ರಲ್ಲಿ ಜಿನೀವಾದಲ್ಲಿ, ಗಡಿ ದಾಟುವ ವಾಯುಮಾಲಿನ್ಯವನ್ನು ಕುರಿತು ಪೂರ್ವ ಪಶ್ಚಿಮ ಬಣಗಳೆಂಬ ಭೇದವನ್ನು ಮರೆತು ಯುರೋಪಿನ ದೇಶಗಳೂ ಅಮೆರಿಕಾ, ಕೆನಡಾಗಳೂ ಒಪ್ಪಂದ ಮಾಡಿಕೊಂಡವು. 1985ರಲ್ಲಿ ಹೆಲ್ಸಿಂಕಿಯಲ್ಲಿ, 1980ರ ಪ್ರಮಾಣಕ್ಕಿಂತ ಗಂಧಕವನ್ನು ಶೇಕಡ 30ರಷ್ಟು 1993ರೊಳಗೆ ಇಳಿಸುವುದಾಗಿ ಹಲವು ದೇಶಗಳು ಮಾತು ಕೊಟ್ಟವು. ಬ್ರಿಟನ್ ಅದಕ್ಕೆ ಸಹಿ ಹಾಕಲಿಲ್ಲ. ಆದರೆ ಮುಂದೆ 1994ರ ಓಸ್ಲೊ ಒಪ್ಪಂದಕ್ಕೆ ಸೇರಿತು. ಹೊಗೆಯನ್ನು ಸುಣ್ಣಕಲ್ಲಿನ ನೀರಿನಿಂದ ತೊಳೆದು ಗಂಧಕವನ್ನು ಹಿಡಿಯುವ ಯಂತ್ರಗಳು ಬಂದವು. ಗಂಧಕ ಕಡಿಮೆಯಿರುವ ಇಂಧನ ಬಂದಿತು. ಕಲ್ಲಿದ್ದಲಿನ ಬಳಕೆಯೇ ತಗ್ಗಿತು. 1980ಕ್ಕೆ ಹೋಲಿಸಿದರೆ ಯುರೋಪಿನ ಗಂಧಕದ ಹೊಗೆ ಇಂದು ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗಿದೆ. ಸಡ್ಬರಿಯ ಮಹಾಚಿಮಣಿ 2020ರಲ್ಲಿ ಕೆಲಸ ನಿಲ್ಲಿಸಿತು. ಸರೋವರಗಳು ನಿಧಾನವಾಗಿ ಚೇತರಿಸಿಕೊಳ್ಳುತ್ತಿವೆ.

ಆದರೆ ನಿಧಾನವಾಗಿ ಎಂಬ ಮಾತನ್ನು ಗಮನಿಸಬೇಕು. ಮಳೆ ತಿಳಿಯಾದರೂ, ಮಣ್ಣು ಕಳೆದುಕೊಂಡ ಸಾರ ಮರಳಿ ಕೂಡಲು ದಶಕಗಳೇ ಬೇಕು. ಆದುದರಿಂದ ನಾರ್ವೆಯಲ್ಲಿಯೂ ಸ್ವೀಡನ್ನಿನಲ್ಲಿಯೂ ನದಿ ಸರೋವರಗಳಿಗೆ ಸುಣ್ಣಕಲ್ಲಿನ ಪುಡಿಯನ್ನು ಸುರಿಯುವ ಕೆಲಸ ವರ್ಷ ವರ್ಷವೂ ನಡೆದುಬಂದಿದೆ. ಅದರ ವೆಚ್ಚವನ್ನು ಭರಿಸಿದವರು ಬಹುಮಟ್ಟಿಗೆ ಆ ದೇಶಗಳವರೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಪಾಪ ಒಬ್ಬರದಾದರೆ ಪ್ರಾಯಶ್ಚಿತ್ತ ಇನ್ನೊಬ್ಬರದಾಯಿತು. ಪಾಪವನ್ನು ನಿಲ್ಲಿಸುವುದು ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು ಮಾತ್ರ. ಕೆಡಿಸಿದ್ದನ್ನು ಸರಿಪಡಿಸುವುದು ಅದರ ಎರಡನೆಯ ಮೆಟ್ಟಿಲು. ಲೋಕವು ಮೊದಲನೆಯದನ್ನು ಏರಿದೆ. ಎರಡನೆಯದನ್ನು ಇನ್ನೂ ಪೂರ್ತಿಯಾಗಿ ಏರಿಲ್ಲ.

ಇಲ್ಲಿ ಆಸ್ತಿಕರಾದ ನಮಗೆ ಒಂದು ಎಚ್ಚರಿಕೆ ಅಗತ್ಯ. ಬಲೆ ಬರಿದಾದ ಬೆಸ್ತನಿಗೆ "ಇದು ನಿನ್ನ ಪೂರ್ವಾರ್ಜಿತ" ಎಂದು ಹೇಳಿಬಿಡುವುದು ಸುಲಭ. ಅದು ಕರ್ಮಸಿದ್ಧಾಂತವಲ್ಲ, ಕರ್ಮಸಿದ್ಧಾಂತದ ದುರುಪಯೋಗ. ಆ ಸಿದ್ಧಾಂತವು ಹುಟ್ಟಿದ್ದು ಪ್ರತಿಯೊಬ್ಬನು ತನ್ನ ಕರ್ಮದ ಹೊಣೆಯನ್ನು ತಾನು ಹೊರಲೆಂದು. ಮಾಡಿದವನು ಅದರ ಮರೆಯಲ್ಲಿ ಅಡಗಿಕೊಳ್ಳಲೆಂದಲ್ಲ. ನಮ್ಮ ದುಃಖ ಬಂದಾಗ ಕರ್ಮವೆಂದು ಸಹಿಸುವುದು ತಾಳ್ಮೆ. ಪರರ ದುಃಖವನ್ನು ನೋಡಿ ಕರ್ಮವೆಂದು ಸುಮ್ಮನಿರುವುದು ನಿರ್ದಯೆ. ನಾವೇ ತಂದೊಡ್ಡಿದ ಪರರ ದುಃಖವನ್ನು ಅವರ ಕರ್ಮವೆನ್ನುವುದು ಅಧರ್ಮ.

ಇದು ದೂರದೇಶದ ಕಥೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ವೆಲ್ಲೂರಿನ ಚರ್ಮೋದ್ಯಮಗಳ ಮೊಕದ್ದಮೆಯಲ್ಲಿ, ಕೆಡಿಸಿದವನೇ ದಂಡ ತೆರಬೇಕೆಂಬ ತತ್ತ್ವವನ್ನು ಈ ನೆಲದ ಕಾನೂನಿನ ಅಂಗವೆಂದು ಒಪ್ಪಿಕೊಂಡಿತು. "ಮಾಡಿದ್ದುಣ್ಣೋ ಮಹಾರಾಯ" ಎಂಬ ಗಾದೆಗೆ ಅದು ಕಾನೂನಿನ ರೂಪ. ಅದೇ ವರ್ಷದ ಡಿಸೆಂಬರ್ 30ರಂದು, ತಾಜಮಹಲಿನ ಅಮೃತಶಿಲೆಯನ್ನು ಗಂಧಕದ ಹೊಗೆಯಿಂದ ಕಾಪಾಡಲು ಆಗ್ರಾ ಪ್ರದೇಶದ 292 ಕಾರ್ಖಾನೆಗಳು ಕಲ್ಲಿದ್ದಲನ್ನು ಬಿಟ್ಟು ನೈಸರ್ಗಿಕ ಅನಿಲವನ್ನು ಬಳಸಬೇಕು, ಇಲ್ಲವೇ ಸ್ಥಳಾಂತರಗೊಳ್ಳಬೇಕೆಂದು ಆಜ್ಞಾಪಿಸಿತು. ಆಮ್ಲವು ಅಮೃತಶಿಲೆಯ ಮೈಯನ್ನು ಜಿಪ್ಸಂ ಆಗಿ ಮಾರ್ಪಡಿಸಿ ಸವೆಸುತ್ತದೆ. ಕಲ್ಲೇ ಕರಗುವುದಾದರೆ ಪುಪ್ಪುಸದ ಗತಿಯೇನು?

ನಮ್ಮ ದೇಶದ ಬಹುಭಾಗದಲ್ಲಿ ಮಳೆ ಇನ್ನೂ ಯುರೋಪಿನಷ್ಟು ಹುಳಿಯಾಗಿಲ್ಲ. ಅದಕ್ಕೆ ಕಾರಣ ನಮ್ಮ ಸಂಯಮವಲ್ಲ, ನಮ್ಮ ಧೂಳು. ಕ್ಯಾಲ್ಸಿಯಂ ತುಂಬಿದ ಮಣ್ಣಿನ ಧೂಳು ಗಾಳಿಯಲ್ಲಿಯೇ ಆಮ್ಲವನ್ನು ಶಮನಗೊಳಿಸುತ್ತದೆ. ಆದರೆ ಮಲೆನಾಡು, ಕರಾವಳಿಗಳ ಜಂಬಿಟ್ಟಿಗೆ ಮಣ್ಣು ಮೊದಲೇ ಹುಳಿಯಾದುದು. ಅದಕ್ಕೆ ಆ ರಕ್ಷಣೆ ಅಲ್ಪ. ಮಳೆಯಾಗಿ ಬೀಳದ ಗಂಧಕವೂ ಸೂಕ್ಷ್ಮ ಕಣಗಳಾಗಿ ಉಸಿರಿನ ಮೂಲಕ ದೇಹವನ್ನು ಹೊಗುತ್ತದೆ. ಗಂಧಕದ ಹೊಗೆಯನ್ನು ಅತಿ ಹೆಚ್ಚಾಗಿ ಹೊರಬಿಡುವ ದೇಶಗಳ ಸಾಲಿನ ಮುಂಭಾಗದಲ್ಲಿ ಇಂದು ಭಾರತವಿದೆ. 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳ ಗಂಧಕಕ್ಕೆ ಮೊದಲ ಬಾರಿಗೆ ಮಿತಿ ವಿಧಿಸಿ ಎರಡು ವರ್ಷಗಳ ಗಡುವು ಕೊಟ್ಟಿತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ, ಬಹುಪಾಲು ಸ್ಥಾವರಗಳಿಗೆ ಆ ನಿಯಮದಿಂದ ವಿನಾಯಿತಿ ದೊರೆಯಿತು. ಅವುಗಳ ಚಿಮಣಿ ನಿಗದಿಯಾದಷ್ಟು ಎತ್ತರವಿರಬೇಕೆಂಬುದು ಅದರ ಷರತ್ತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಯಂತ್ರಗಳ ವೆಚ್ಚ ಅಧಿಕ, ಆ ಹೊರೆ ಬಡವನ ವಿದ್ಯುತ್ ದರದ ಮೇಲೆ ಬೀಳುತ್ತದೆ ಎಂಬ ವಾದಗಳಲ್ಲಿ ತಿರುಳಿಲ್ಲವೆಂದು ನಾವು ಹೇಳುವುದಿಲ್ಲ. ತಜ್ಞರು ಅದನ್ನು ತೂಗಿ ನೋಡಲಿ. ಆದರೆ ಎತ್ತರದ ಚಿಮಣಿಯೆಂಬ ಪರಿಹಾರವನ್ನು ಲೋಕವು ಒಮ್ಮೆ ಪ್ರಯೋಗಿಸಿ ನೋಡಿದೆ. ಅದರ ಲೆಕ್ಕ ಸರೋವರಗಳ ತಳದ ಕೆಸರಿನಲ್ಲಿದೆ. ಅದನ್ನು ಓದಿಕೊಂಡು ತೂಗುವುದು ಒಳ್ಳೆಯದು.

ಸರ್ಕಾರವನ್ನೊಂದೇ ಆಕ್ಷೇಪಿಸುವುದರಿಂದಲೂ ನಮ್ಮ ಹೊಣೆ ತೀರುವುದಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ ಕಲ್ಲಿದ್ದಲು ಉರಿಯುವುದು ನಮ್ಮ ಮನೆಗಳ ದೀಪಕ್ಕಾಗಿ, ನಮ್ಮ ಪಂಪುಸೆಟ್ಟುಗಳಿಗಾಗಿ, ನಮ್ಮ ಜಾತ್ರೆಗಳ ಝಗಮಗಕ್ಕಾಗಿ. ಬೆಳಕು ನಮ್ಮಲ್ಲಿ ಬೀಳುತ್ತದೆ. ಬೂದಿ ಮತ್ತು ಹೊಗೆ ಅಲ್ಲಿನವರ ಹೊಲದ ಮೇಲೆ ಬೀಳುತ್ತವೆ. ಬೆಳಕಿನಲ್ಲಿ ಪಾಲು ತೆಗೆದುಕೊಂಡವರು ಹೊಗೆಯಲ್ಲಿ ತಮ್ಮ ಪಾಲಿಲ್ಲವೆನ್ನಲು ಬರುವುದಿಲ್ಲ. ಬೇಡದ ದೀಪವನ್ನು ಆರಿಸುವುದು, ಸೂರ್ಯನ ಶಕ್ತಿಯನ್ನು ಬಳಸಿಕೊಳ್ಳುವುದು, ಹೊಗೆಯನ್ನು ತೊಳೆಯುವ ವೆಚ್ಚಕ್ಕಾಗಿ ಬಿಲ್ಲಿನಲ್ಲಿ ಕೆಲವು ಪೈಸೆ ಹೆಚ್ಚಾದರೆ ಗೊಣಗದೆ ತೆರುವುದು, ಇವೂ ಇಂದು ಸದಾಚಾರಗಳೇ.

ಊರಿನ ಕಸವನ್ನು ಊರಾಚೆಗೆ ಸುರಿಯುವಾಗಲೂ, ಗಿರಣಿಯ ಕೊಳೆಯನ್ನು ಹಳ್ಳಕ್ಕೆ ಬಿಡುವಾಗಲೂ ನಾವು ಮಾಡುವುದು ಚಿಮಣಿಯನ್ನು ಎತ್ತರಿಸುವ ಕೆಲಸವನ್ನೇ. ನಮ್ಮ ಊರಾಚೆ ಎಂಬುದು ಮತ್ತೊಬ್ಬರ ಊರಿನ ಮುಂಬಾಗಿಲು. ಯಾವುದನ್ನೇ ಆಗಲಿ ದೂರಕ್ಕೆ ಕಳುಹಿಸುವ ಮುನ್ನ ಅದು ಯಾರ ಅಂಗಳಕ್ಕೆ ಹೋಗಿ ಸೇರುತ್ತದೆಂದು ವಿಚಾರಿಸುವುದೇ ಈ ಕಾಲದ ಧರ್ಮಜಿಜ್ಞಾಸೆಯ ಮೊದಲ ಸೂತ್ರ. ಆ ವಿಚಾರಬುದ್ಧಿ ಸದ್ಭಕ್ತರೆಲ್ಲರಲ್ಲಿಯೂ ನೆಲೆಗೊಳ್ಳಲಿ, ಮುಗಿಲಿನಿಂದ ಇಳಿಯುವ ನೀರು ಎಲ್ಲರಿಗೂ ಸಿಹಿಯಾಗಿರಲಿ ಎಂದು ಹಾರೈಸುತ್ತೇವೆ.